ಅಂಗೈ ಅಗಲದ ಟ್ಯಾಂಕುಗಳು

ಹಿಂದೂಪುರ, 27 ಸೆಪ್ಟೆಂಬರ್ 1965, ಸೋಮವಾರ

ಯುದ್ಧ ನಿಂತು ನಾಲ್ಕು ದಿನವಾಯಿತು. ನಮ್ಮ ಮನೆಗೆ ಟ್ಯಾಂಕು ಬಂದದ್ದು ಇವತ್ತು.

ಬೆಳಿಗ್ಗೆ ಸುಬೇದಾರ್ ಕೇಶವಯ್ಯನವರು ಬಂದಿದ್ದರು. ಪೆನುಕೊಂಡದವರು. ಇಪ್ಪತ್ತೆರಡು ವರ್ಷ ಟ್ಯಾಂಕಿನ ದಳದಲ್ಲಿದ್ದು ಮನೆಗೆ ಬಂದವರನ್ನು ಈಗ ಹೊಸ ಹುಡುಗರಿಗೆ ಪಾಠ ಹೇಳಲು ಮತ್ತೆ ಕರೆದಿದ್ದಾರಂತೆ. ಪಾಠ ಹೇಗೆಂದು ಅವರೇ ವಿವರಿಸಿದರು. ದೊಡ್ಡ ಮೇಜಿನ ಮೇಲೆ ಮರಳು ಹರಡಿ ಗುಡ್ಡ, ಹಳ್ಳ, ಹೊಲ ಮಾಡುವುದು. ಅದರ ಮೇಲೆ ಪುಟ್ಟ ಟ್ಯಾಂಕುಗಳನ್ನಿಟ್ಟು ಇಪ್ಪತ್ತು ಹೆಜ್ಜೆ ದೂರದಿಂದ ತೋರಿಸುವುದು. ನಮ್ಮದೋ ಅವರದೋ ಎಂದು ಹುಡುಗರು ಐದು ಎಣಿಸುವುದರೊಳಗೆ ಹೇಳಬೇಕು. ಅದಕ್ಕೆ ಅಂಗೈ ಅಗಲದ ಮರದ ಟ್ಯಾಂಕು ನಲವತ್ತು ಬೇಕಂತೆ, ಇಪ್ಪತ್ತು ನಮ್ಮವು, ಇಪ್ಪತ್ತು ಅವರವು.

ನಮ್ಮ ಯಜಮಾನರು ಜಯರಾಮಪ್ಪನವರು ಮರದ ಆಟಿಕೆ ಮಾಡುವವರು. ಬಸ್ಸು, ಎತ್ತಿನ ಗಾಡಿ, ಬುಗುರಿ. ಕೆತ್ತುವುದು ಅವರು, ಬಣ್ಣ ನನ್ನದು. ಸುಬೇದಾರರು ಅವರನ್ನೇ ನೋಡಿಕೊಂಡು ಮಾತಾಡಿದರು. ಕೊನೆಗೆ ಇವರು, "ಬಣ್ಣದ ಮಾತೆಲ್ಲ ಈರಕ್ಕನ ಹತ್ರ ಆಡ್ಬೇಕು ಸಾರ್" ಎಂದಾಗ ಮಾತ್ರ ನನ್ನ ಕಡೆ ತಿರುಗಿದರು.

ಮರದ ಮೇಲೆ ಬಣ್ಣ ಹಾಕುವುದರಲ್ಲಿ ಈ ಊರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ, ಇದ್ದದ್ದು ಬರೆಯುತ್ತಿದ್ದೇನೆ. ಪಾವಗಡದ ಅತ್ತೆ ಮನೆಯಲ್ಲಿದ್ದು ಎಂಟನೇ ಕ್ಲಾಸಿನ ತನಕ ಕನ್ನಡ ಓದಿದವಳು ನಾನು. ಈ ಬೀದಿಯಲ್ಲಿ ಎಲ್ಲರೂ ಎರಡೂ ಭಾಷೆ ಆಡುತ್ತಾರೆ, ಓದುವುದು ಮಾತ್ರ ತೆಲುಗು. ಆದ್ದರಿಂದ ಈ ಪುಸ್ತಕವನ್ನು ಕಿಟಕಿಯಲ್ಲಿ ಬಿಟ್ಟರೂ ಏನೂ ಭಯವಿಲ್ಲ.

ನನ್ನ ತಮ್ಮ ಪೆದ್ದಣ್ಣನೂ ಟ್ಯಾಂಕಿನ ಡ್ರೈವರು. ಆಗಸ್ಟ್ ಇಪ್ಪತ್ತನೇ ತಾರೀಖು ಬರೆದದ್ದೇ ಕೊನೆಯ ಕಾಗದ. ಗೆದ್ದವರಿಗೆ ಕಾಗದ ಬರೆಯಲು ಪುರುಸೊತ್ತು ಎಲ್ಲಿರುತ್ತದೆ. ಅವನು ರಜೆಗೆ ಬಂದಾಗ ಈ ಟ್ಯಾಂಕು ಕೈಗೆ ಕೊಟ್ಟು, ನಿನ್ನದಕ್ಕಿಂತ ನನ್ನದು ಚೆಂದ ಎನ್ನಬೇಕು.

4 ಅಕ್ಟೋಬರ್

ಕೆತ್ತನೆ ಮುಗಿದಷ್ಟಕ್ಕೆ ಬಣ್ಣ ಶುರು ಮಾಡಿದೆ. ಮೂರು ಜಾತಿ ಇವೆ. ಸೆಂಚುರಿಯನ್ ನಮ್ಮದು, ಪ್ಯಾಟನ್ ಅವರದು. ಶೆರ್ಮನ್ ಎನ್ನುವುದು ಎರಡೂ ಕಡೆ ಇದೆಯಂತೆ. ಆಕಾರ ಒಂದೇ, ಬಳಿದ ಪಟ್ಟೆ ಬೇರೆ, ಪಕ್ಕದ ಗುರುತು ಬೇರೆ. ಪೆದ್ದಣ್ಣ ಓಡಿಸುವುದು ಶೆರ್ಮನ್.

ಸುಬೇದಾರರು ಪಟ್ಟೆಯ ನಕ್ಷೆ ಬಿಟ್ಟುಹೋಗಿದ್ದಾರೆ. ಹಸಿರಿನ ಮೇಲೆ ಮಣ್ಣಿನ ಬಣ್ಣದ ಅಂಕುಡೊಂಕು ಪಟ್ಟೆಗಳು, ನೋಡಲು ಬಲು ಸಪ್ಪೆ. ನಾನು ಪಟ್ಟೆಯ ಅಂಚಿಗೆ ಸಣ್ಣಗೆ ಕಪ್ಪು ಗೆರೆ ಕೊಟ್ಟೆ, ಹಸಿರನ್ನು ಸ್ವಲ್ಪ ಏರಿಸಿದೆ, ಮೇಲೆ ಒಂದು ಕೈ ವಾರ್ನೀಷು. ಈಗ ಮುಖ ಕಾಣುವಷ್ಟು ಹೊಳೆಯುತ್ತಿವೆ. ಒಂದೊಂದಕ್ಕೆ ಅರ್ಧ ದಿನ ಹಿಡಿಯಿತು.

ಅವರ ರಾಕ್ಷಸ ಟ್ಯಾಂಕುಗಳಿಗೆ ಅಷ್ಟೆಲ್ಲ ಬೇಡ. ಉಳಿದ ಬಣ್ಣವನ್ನೆಲ್ಲ ಕಲಸಿ ಬಳಿದೆ. ಒಂದು ಬೆಳಿಗ್ಗೆಯಲ್ಲಿ ಎಂಟು ಮುಗಿದವು.

10 ಅಕ್ಟೋಬರ್

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಕೇಶವಯ್ಯನವರು ಬಂದರು. ನಮ್ಮ ಹಿತ್ತಲಲ್ಲಿ ಬಾವಿಯ ಹತ್ತಿರ ಟ್ಯಾಂಕುಗಳನ್ನು ನೆಲದ ಮೇಲೆ ಇಡಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತು ನೋಡಿದರು.

"ಇದೇಮಮ್ಮಾ, ಪುಲಿವೇಷಮಾ?" ಎಂದರು. ಆಮೇಲೆ ಕನ್ನಡಕ್ಕೆ ಬಂದರು. "ಹುಲಿವೇಷ ಕಟ್ಟಿ ಕುಣಿಯೋಕೆ ಹೊರಟಂಗಿವೆ. ಟ್ಯಾಂಕು ಕಾಣ್ಬಾರ್ದು ಅಂತ ಪಟ್ಟೆ ಬಳಿಯೋದು. ನೀನು ಕಾಣ್ಲಿ ಅಂತ ಬಳಿದಿದ್ದೀಯ."

ನಕ್ಷೆಯಲ್ಲಿದ್ದದ್ದಕ್ಕಿಂತ ಚೆನ್ನಾಗಿಯೇ ಬಳಿದಿದ್ದೇನೆ ಎಂದೆ.

"ಅದೇ ತಪ್ಪು" ಎಂದರು. ಹೊಳಪಿರಬಾರದು, ಅಂಚಿಗೆ ಗೆರೆ ಇರಬಾರದು. ಪಟ್ಟೆ ಒಡಲಿನ ಮೇಲೆ ಹುಟ್ಟಿ ತಲೆಯ ಮೇಲೆ ಹಾಯ್ದು ನಳಿಗೆಯನ್ನೂ ಕತ್ತರಿಸಿಕೊಂಡು ಹೋಗಬೇಕು, ಆಗ ಕಣ್ಣಿಗೆ ಆಕಾರ ಸಿಕ್ಕುವುದಿಲ್ಲ. ಹೀಗೆ ಒಂದೊಂದಾಗಿ ಹೇಳಿದರು. ಅಷ್ಟಕ್ಕೆ ನನಗೆ ಬೇಜಾರಾಗಲಿಲ್ಲ. ಆಮೇಲೆ ಆ ಕಡೆಯವರ ಎಂಟು ಪ್ಯಾಟನ್ನುಗಳತ್ತ ಬೆರಳು ಮಾಡಿದರು.

"ಇವು ಯಾವು?"

"ಅವ್ರವು ಸಾರ್."

"ಯಾರ ದೇಶ್ದಲ್ಲೂ ಇಂಥ ಟ್ಯಾಂಕಿಲ್ಲ ಕಣಮ್ಮ. ಇದನ್ನ ನೋಡಿ ಕಲಿತ ಹುಡುಗ ಅಲ್ಲಿಗೆ ಹೋಗಿ ನಿಜವಾದ್ದು ಎದುರಿಗೆ ಬಂದಾಗ ಗುರುತು ಹಿಡೀದೆ ನಿಂತ್ಕೊಂಬಿಡ್ತಾನೆ. ನಿಂತವನು ಸಾಯ್ತಾನೆ."

ಸುಬೇದಾರರು ಹೋದ ಮೇಲೆ ಯಜಮಾನರು ಉಪ್ಪುಕಾಗದ ತಂದು ನನ್ನ ಪಕ್ಕದಲ್ಲಿಟ್ಟರು. ನಾನು ಎಲ್ಲವನ್ನೂ ಉಜ್ಜಿ ಮರದ ಬಣ್ಣಕ್ಕೆ ತಂದೆ. ಉಜ್ಜುವಾಗ ಸಿಟ್ಟಿತ್ತು, ಮುಗಿಯುವ ಹೊತ್ತಿಗೆ ಇರಲಿಲ್ಲ.

14 ಅಕ್ಟೋಬರ್

ಸಿಕ್ಕಿತು. ಬಣ್ಣಕ್ಕೆ ಟರ್ಪಂಟೈನ್ ಹೆಚ್ಚಿಸಿ, ಸೀಮೆಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಸೇರಿಸಿದರೆ ಹೊಳಪು ಸತ್ತೇಹೋಗುತ್ತದೆ. ಹಿತ್ತಲಲ್ಲಿಟ್ಟು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಕೂತೆ. ಪಕ್ಕದ ಮನೆಯ ಪಾಪಕ್ಕ ಗೋಡೆಯ ಮೇಲಿಂದ, "ಏನೇ ಕಳ್ಕೊಂಡೆ?" ಎಂದಳು. "ಟ್ಯಾಂಕು" ಎಂದೆ. ನಿಜವಾಗಿಯೂ ಎರಡು ನಿಮಿಷ ಎಲ್ಲಿಟ್ಟೆನೆಂದು ಕಾಣಲಿಲ್ಲ. ನನ್ನ ಕೈಯ ಕೆಲಸ ನನಗೇ ಕಾಣದಿದ್ದದ್ದು ಇದೇ ಮೊದಲು. ಖುಷಿಯಾಯಿತು.

ಇನ್ನೊಂದು ಕಂಡುಕೊಂಡೆ. ಸುಬೇದಾರರು ಡಬ್ಬಿ ಮುಚ್ಚಳಕ್ಕೆ ಬಳಿದು ತೋರಿಸಿದ ಬಣ್ಣ ನಿಜವಾದ ಟ್ಯಾಂಕಿನದು. ಅದನ್ನೇ ಸಣ್ಣ ಮರದ ತುಂಡಿಗೆ ಬಳಿದರೆ ತೀರಾ ಕಪ್ಪಾಗಿ ಕಾಣುತ್ತದೆ. ದೂರದ ಬೆಟ್ಟ ಮಾಸಲಾಗಿ ಕಾಣುವ ಹಾಗೆ, ಸಣ್ಣದಕ್ಕೆ ಸ್ವಲ್ಪ ಬಿಳಿ ಸೇರಿಸಬೇಕು. ಇದು ಅವರು ಹೇಳಿಕೊಟ್ಟದ್ದಲ್ಲ.

18 ಅಕ್ಟೋಬರ್

ಅಮ್ಮನಿಗೆ ಕಾಗದ ಬಂದಿದೆಯಂತೆ. ಸೆಪ್ಟೆಂಬರಿನಿಂದ ಪೆದ್ದಣ್ಣ ಕಾಣೆಯಾಗಿದ್ದಾನೆ ಎಂದು. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಕಲ್ಯಾಣದುರ್ಗ, 20 ಅಕ್ಟೋಬರ್

ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಊರಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಮ್ಮ ಅಳುತ್ತಿರುತ್ತಾಳೆ, ನಾನು ಧೈರ್ಯ ಹೇಳಬೇಕು ಎಂದುಕೊಂಡು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನಮ್ಮಮ್ಮ ಗೌರಕ್ಕನೆಂದರೆ ಈ ಬೀದಿಯಲ್ಲಿ ಎಲ್ಲರೂ ಹೆದರುವ ಹೆಂಗಸು. ಅಂಗಳದಲ್ಲಿ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಕಾಣೆ ಅಂದ್ರೆ ಸತ್ತ ಅಂತಲ್ಲ ಕಣಮ್ಮ" ಎಂದಳು. "ಅವ್ರ ಕಣ್ಣಿಗೆ ಕಾಣ್ಲಿಲ್ಲ ಅಂತ. ಎಲ್ಲೋ ಇರ್ತಾನೆ. ಕೂತ್ಕೊ, ಬಿಡ್ಸು."

ನಾನೂ ಬಿಡಿಸಿದೆ. ಕಾಗದವನ್ನು ಮೂರು ಸಲ ಓದಿದೆ. ಇಂಗ್ಲಿಷಿನದು, ಪೋಸ್ಟ್ ಮಾಸ್ಟರು ಕೆಳಗೆ ಪೆನ್ಸಿಲಿನಲ್ಲಿ ತೆಲುಗು ಬರೆದುಕೊಟ್ಟಿದ್ದಾರೆ. ಎರಡರಲ್ಲೂ ಸತ್ತ ಎಂದು ಎಲ್ಲಿಯೂ ಇಲ್ಲ. ಅಮ್ಮನ ಮಾತೇ ಸರಿ. ಅವನು ಖಂಡಿತ ಇದ್ದಾನೆ.

ಅಮ್ಮನನ್ನು ಒಬ್ಬಳೇ ಬಿಟ್ಟು ಹೋಗುವುದಿಲ್ಲ. ಬಣ್ಣದ ಡಬ್ಬಿಗಳನ್ನೂ ಕೆತ್ತಿದ ಟ್ಯಾಂಕುಗಳನ್ನೂ ಇಲ್ಲಿಗೇ ಕಳಿಸಿ ಎಂದು ಯಜಮಾನರಿಗೆ ಕಾರ್ಡು ಬರೆದೆ.

2 ನವೆಂಬರ್

ಯಜಮಾನರು ತಾವೇ ಹೊತ್ತುಕೊಂಡು ಬಂದರು. ಎರಡು ದಿನ ಇದ್ದು, ಅಮ್ಮನ ಮನೆಯ ಬಾಗಿಲು ನೆಟ್ಟಗೆ ಮಾಡಿ, ಮಂಚಕ್ಕೆ ಹೊಸ ಕಾಲು ಹಾಕಿ ಹೋದರು. ಬಸ್ಸು ಹತ್ತುವಾಗ, "ಎಷ್ಟು ದಿನ ಬೇಕೋ ಇರು. ನಂಗೆ ಅಡಿಗೆ ಬತ್ತದೆ" ಎಂದರು. ಬರುವುದಿಲ್ಲವೆಂದು ನನಗೆ ಗೊತ್ತು.

ಇಲ್ಲಿ ಕೆಲಸಕ್ಕೆ ಹಿಂದೂಪುರಕ್ಕಿಂತ ಅನುಕೂಲ. ಊರು ದಾಟಿದರೆ ಬಯಲು. ಕಡ್ಲೆಕಾಯಿ ಕಿತ್ತ ಹೊಲಗಳು, ಬಂಡೆ ಗುಡ್ಡ, ಅಲ್ಲಲ್ಲಿ ಜಾಲಿ. ಬೆಳಿಗ್ಗೆ ಎರಡು ಟ್ಯಾಂಕು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ನೆಲದ ಮೇಲಿಟ್ಟು ನೋಡುತ್ತೇನೆ. ಮೇಲಿನಿಂದ ಬಿಸಿಲು ಬಿದ್ದಾಗ ಟ್ಯಾಂಕನ್ನು ಹಿಡಿದುಕೊಡುವುದು ಅದರ ಬಣ್ಣವಲ್ಲ, ನಳಿಗೆಯ ಕೆಳಗಿನ ನೆರಳು. ಅದಕ್ಕೆ ನಳಿಗೆಯ ಅಡಿಭಾಗಕ್ಕೆ ತಿಳಿಬಣ್ಣ ಬಳಿದೆ. ನೆರಳು ಮಾಯವಾಯಿತು.

ಸಂಜೆ ನನ್ನ ಹಿಂದೆ ಇಬ್ಬರು ಹೆಂಗಸರು ಸೌದೆ ಹೊತ್ತುಕೊಂಡು ಹೋಗುತ್ತಿದ್ದರು. "ಗೌರಕ್ಕನ ಮಗಳು ಹೊಲದಾಗೆ ಗೊಂಬೆ ಆಡ್ತಾವ್ಳೆ. ಪಾಪ, ತಮ್ಮನ ಚಿಂತೆ" ಎಂದರು. ನನಗೆ ಕೇಳಿಸಲಿ ಎಂದೇ ಹೇಳಿದ್ದು. ಬುದ್ಧಿ ನೆಟ್ಟಗಿದೆ ಎಂದು ಕೂಗಿ ಹೇಳೋಣವೆಂದುಕೊಂಡೆ, ಆದರೆ ಬೆಳಕು ಹೋಗುತ್ತಿತ್ತು, ಕೆಲಸ ಬಾಕಿಯಿತ್ತು.

9 ನವೆಂಬರ್

ಪೋಸ್ಟಿಲ್ಲ.

15 ನವೆಂಬರ್

ಪೋಸ್ಟಿಲ್ಲ. ನಮ್ಮ ಇಪ್ಪತ್ತೂ ಮುಗಿದವು. ಇಂಥವನ್ನು ಬೇರೆ ಯಾರೂ ಬಳಿಯಲಾರರು.

26 ನವೆಂಬರ್

ಇವತ್ತು ಕೇಶವಯ್ಯನವರು ಬಂದು ನಮ್ಮ ಇಪ್ಪತ್ತನ್ನೂ ನೋಡಿ, ತಲೆಯಾಡಿಸಿ, ಸೆಂಚುರಿಯನ್ ಹತ್ತನ್ನು ಒಂದು ಕಡೆ, ಶೆರ್ಮನ್ ಹತ್ತನ್ನು ಒಂದು ಕಡೆ ಇಟ್ಟು, ಏನೂ ಹೇಳದೆ ಕಾಫಿ ಕೇಳಿದರು. ಅವರಲ್ಲಿ ಅದೇ ಹೊಗಳಿಕೆ.

ಇನ್ನು ಆ ಕಡೆಯವರ ಟ್ಯಾಂಕುಗಳು ಉಳಿದಿವೆ. ಪ್ಯಾಟನ್ನಿನ ಫೋಟೋ ಒಂದನ್ನು ತಂದುಕೊಟ್ಟರು. ಹೊಲದಲ್ಲಿ ನಿಂತುಬಿಟ್ಟದ್ದು, ಒಂದು ಪಕ್ಕದ ಚಕ್ರದ ಸರಪಳಿ ಕಳಚಿದೆ. ನಾನು ಕನ್ನಡಿಯಂತೆ ಹತ್ತಿರ ಹಿಡಿದು ನೋಡಿದೆ. ಮುಂಭಾಗದಲ್ಲಿ ಒಂದು ಸಣ್ಣ ಮುಚ್ಚಳ ತೆರೆದಿತ್ತು.

"ಇದೇನು ಸಾರ್?"

"ಡ್ರೈವರ್ ಕೂರೋ ಜಾಗ."

"ನಮ್ಮದ್ರಲ್ಲೂ ಇಲ್ಲೇನಾ?"

"ಎಲ್ಲ ಟ್ಯಾಂಕಲ್ಲೂ ಹೆಚ್ಚುಕಮ್ಮಿ ಅಲ್ಲೇ. ಒಬ್ಬನೇ ಕೂತಿರ್ತಾನೆ. ಇಕ್ಕಟ್ಟು. ಮುಂದೆ ಒಂದು ಸೀಳು ಇರ್ತದೆ, ಅದ್ರಲ್ಲಿ ಕಾಣೋದೇ ಪ್ರಪಂಚ."

"ಬೆಂಕಿ ಬಿದ್ರೆ?"

ಕೇಶವಯ್ಯನವರು ಕಾಫಿ ಲೋಟ ಕೆಳಗಿಟ್ಟರು. "ಮುಚ್ಚಳ ತೆಗೆಯೋಕಾದ್ರೆ ಅವನೇ ಮೊದ್ಲು ಬರ್ತಾನೆ. ನಳಿಗೆ ಅಡ್ಡ ತಿರುಗಿ ನಿಂತಿದ್ರೆ ಮುಚ್ಚಳ ತೆಗೆಯೋಕಾಗಲ್ಲ." ಅಮ್ಮ ಒಳಗಿದ್ದಳು. ಕೇಳಿಸಿರಲಿಕ್ಕಿಲ್ಲ.

ನಕ್ಷೆಯಲ್ಲಿ ಆ ಮುಚ್ಚಳ ಇರಲಿಲ್ಲ. ನಾನು ಸೂಜಿಯಿಂದ ಗೀರಿ ಪ್ರತಿಯೊಂದು ಪ್ಯಾಟನ್ನಿಗೂ ಮಾಡಿದೆ. ಸರಿಯಾಗಿ ಬಳಿಯಬೇಕೆಂದ ಮೇಲೆ ಎಲ್ಲವೂ ಸರಿಯಾಗಿರಬೇಕು.

7 ಡಿಸೆಂಬರ್

ಪಾಪಕ್ಕನ ತಂಗಿಯ ಮನೆ ಈ ಊರಲ್ಲೇ. ಅವಳನ್ನು ನೋಡಲು ಬಂದಿದ್ದ ಪಾಪಕ್ಕ ಇಲ್ಲಿಗೂ ಬಂದಳು. ಮಂಚದ ಮೇಲೆ ಒಣಗಲಿಟ್ಟಿದ್ದ ಪ್ಯಾಟನ್ನುಗಳನ್ನು ನೋಡಿ, "ಇವು ಯಾವ್ವು?" ಎಂದಳು. ಹೇಳಿದೆ.

"ನಿನ್ನ ತಮ್ಮನ್ನ ಏನ್ ಮಾಡಿದ್ರೋ, ಅವ್ರ ಟ್ಯಾಂಕಿಗೆ ಇಷ್ಟು ನುಣ್ಣಗೆ ಬಳೀತೀಯಲ್ಲೇ. ನಾನಾಗಿದ್ರೆ ಒಲೆಗೆ ಹಾಕ್ತಿದ್ದೆ."

"ಕೆಲಸ ಕಣೇ" ಎಂದೆ. "ಮುಟ್ಬೇಡ, ಬಣ್ಣ ಹಸೀದೈತೆ. ಅವನ ಮುಚ್ಚಳ ಅಂಟ್ಕೊಂಬಿಟ್ರೆ ಮತ್ತೆ ಗೀರ್ಬೇಕು."

"ಯಾವನ ಮುಚ್ಚಳ?" ಎಂದು ಕೇಳಿದಳು. ನಾನು ಕುಂಚ ತೊಳೆಯಲು ಹೋದೆ.

21 ಡಿಸೆಂಬರ್

ನಲವತ್ತೂ ಒಪ್ಪಿಸಿದೆ. ಕೇಶವಯ್ಯನವರು ಪಾಠವನ್ನು ಇದೇ ಊರಲ್ಲಿ ಮಾಡುತ್ತಾರಂತೆ. ಮಾರ್ಚಿಯಲ್ಲಿ ಇಲ್ಲಿ ಕ್ಯಾಂಪು. ಸುತ್ತಲ ಊರುಗಳಿಂದ ಪಟ್ಟಾಳಕ್ಕೆ ಹೆಸರು ಕೊಟ್ಟ ಮೂವತ್ತು ಜನ ಬರುತ್ತಾರೆ. ಆಮೇಲೆ ಟ್ಯಾಂಕುಗಳು ಬೆಂಗಳೂರಿಗೆ.

ಮೂರು ತಿಂಗಳ ಹತ್ತಿರ ಕೈಗೆ ಕೆಲಸವಿತ್ತು. ಇವತ್ತು ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರುವುದು ನನಗೆ ಒಗ್ಗುವುದಿಲ್ಲ. ಅಮ್ಮನ ಬಾಗಿಲಿಗೆ ಹಸಿರು ಬಣ್ಣ ಬಳಿದೆ. "ಹೊಳಪೇ ಇಲ್ವಲ್ಲೇ" ಎಂದಳು.

12 ಜನವರಿ 1966

ಎರಡು ದೇಶಕ್ಕೂ ಒಪ್ಪಂದವಾಯಿತು, ಸೆರೆಯಾದವರನ್ನು ಬಿಡುತ್ತಾರೆ ಎಂದು ರೇಡಿಯೋದಲ್ಲಿ ಹೇಳಿದರಂತೆ. ಅಮ್ಮ ಕೇಳಿಸಿಕೊಂಡು ಬಂದು ನನಗೆ ಹೇಳಿದಳು. ಹೇಳಿ ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಪಾತ್ರೆ ಬಿದ್ದ ಸದ್ದು. ಹೋಗಿ ನೋಡಿದರೆ ಬರಿಗೈಯಲ್ಲಿ ಗೋಡೆಗೊರಗಿ ನಿಂತಿದ್ದಳು.

3 ಫೆಬ್ರವರಿ

ಕಾರ್ಡು ಬಂತು. ಬೇರೆಯವರ ಅಕ್ಷರ. "ನಾನು ಇದ್ದೇನೆ. ಆಸ್ಪತ್ರೆಯಿಂದ ಬಿಟ್ಟ ಕೂಡಲೆ ಬರುತ್ತೇನೆ. ಪೆದ್ದಣ್ಣ." ಇಷ್ಟೇ.

ನಾನು ಮೊದಲಿನಿಂದಲೂ ಹೇಳಿದ್ದೆ.

ಬೇರೆಯವರ ಕೈಯಲ್ಲಿ ಯಾಕೆ ಬರೆಸಿದ? ಇಲ್ಲಿ ಎರಡು ಸಾಲು ಬರೆದು ಹೊಡೆದು ಹಾಕಿದ್ದೇನೆ. ಬಂದಾಗ ಗೊತ್ತಾಗುತ್ತದೆ.

16 ಫೆಬ್ರವರಿ

ಬಂದ. ಅಮ್ಮನಿಗೆ ಗುರುತು ಸಿಕ್ಕಿತು, ನನಗೆ ಒಂದು ಗಳಿಗೆ ಸಿಗಲಿಲ್ಲ. ಅಷ್ಟು ಇಳಿದುಹೋಗಿದ್ದಾನೆ. ಎರಡೂ ಕೈ ಮೊಣಕೈ ತನಕ ಸುಟ್ಟಿದೆ. ಗಾಯ ಮಾಯ್ದಿದೆ, ಬೆರಳು ಮಡಚುವುದಿಲ್ಲ. ಅಮ್ಮ ತುತ್ತು ಮಾಡಿ ತಿನ್ನಿಸಿದಳು. ಅವನು ಬೇಡ ಎನ್ನಲಿಲ್ಲ.

"ಯಾರಪ್ಪ ನಿನ್ನ ಟ್ಯಾಂಕು ಸುಟ್ಟಿದ್ದು?" ಎಂದು ಅಮ್ಮ ಕೇಳಿದಳು.

"ಧೂಳಿತ್ತಮ್ಮ. ಕಾಣ್ಲಿಲ್ಲ" ಎಂದ.

20 ಫೆಬ್ರವರಿ

ಇವತ್ತು ಅಮ್ಮ ಹೊಲಕ್ಕೆ ಹೋಗಿದ್ದಾಗ ಪೆದ್ದಣ್ಣ ನನ್ನನ್ನು ಕರೆದ. ನಲವತ್ತಕ್ಕಿಂತ ಹೆಚ್ಚಿಗೆ ಕೆತ್ತಿ ಮನೆಯಲ್ಲಿ ಉಳಿದಿದ್ದ ಒಂದು ಶೆರ್ಮನ್ ಮಂಚದ ಕೆಳಗೆ ಅವನಿಗೆ ಸಿಕ್ಕಿತ್ತು. ಪಕ್ಕದ ಗುರುತು ವಾರೆಯಾಯಿತೆಂದು ನಾನೇ ಎತ್ತಿಟ್ಟದ್ದು. ಎರಡು ಅಂಗೈ ನಡುವೆ ಹಿಡಿದುಕೊಂಡು ಕೂತಿದ್ದ.

"ನೀನು ಬಳಿದಿದ್ದಾ ಅಕ್ಕಯ್ಯ?"

"ಹೂಂ. ಹೆಂಗೈತೆ?"

"ಚೆನ್ನಾಗೈತೆ. ಬೆಳಿಗ್ಗೆ ಹೊರಡೋವಾಗ ಹಿಂಗೇ ಇರ್ತದೆ." ಸ್ವಲ್ಪ ಹೊತ್ತು ತಿರುಗಿಸಿ ನೋಡಿದ. "ಅರ್ಧ ಗಂಟೆ ಆದ್ಮೇಲೆ ಪಟ್ಟೆನೂ ಇರಲ್ಲ, ಗುರುತೂ ಇರಲ್ಲ. ಬರೀ ಧೂಳು. ಎಲ್ಲಾವೂ ಒಂದೇ ಥರ."

ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಅವರ ಶೆರ್ಮನ್‌ಗಳು ಎಡಕ್ಕೆ ಇದ್ದವಂತೆ. ಇವನ ಟ್ಯಾಂಕು ಕಬ್ಬಿನ ಗದ್ದೆ ಸುತ್ತಿ ಮುಂದೆ ಹೋಗಿಬಿಟ್ಟಿತು. ಹಿಂದೆ ನಮ್ಮ ಸೆಂಚುರಿಯನ್‌ಗಳಿದ್ದವು. ಗುಂಡು ಹಿಂದಿನಿಂದ ಬಂತು.

"ಹಿಂದ್ಗಡೆ ನಮ್ಮೋರು ಬಿಟ್ರೆ ಇನ್ನ್ಯಾರೂ ಇರ್ಲಿಲ್ಲ ಅಕ್ಕಯ್ಯ."

ಅವನೇ ಮುಂದುವರಿಸಿದ. ಒಳಗಿದ್ದ ಮೂವರು ಹೊರಗೆ ಬರಲಿಲ್ಲ. ಇವನ ಮುಚ್ಚಳ ಅರ್ಧ ತೆರೆದು ಸಿಕ್ಕಿಕೊಂಡಿತು. ಕೈ ಹೊರಗೆ ಹಾಕಿ ತಳ್ಳುತ್ತಿದ್ದಾಗ ಯಾರೋ ಇಬ್ಬರು ಮೇಲಿಂದ ಹಿಡಿದು ಎಳೆದರು. ಅವರ ಕಡೆಯವರು. ಒಬ್ಬ ತನ್ನ ನೀರಿನ ಬಾಟಲಿ ಇವನ ಕೈ ಮೇಲೆ ಪೂರ್ತಿ ಸುರಿದ.

"ಹೆಸ್ರು ಕೇಳಿದ್ಯಾ?"

"ಕೇಳೋ ಹೊತ್ತಾಗಿರ್ಲಿಲ್ಲ. ಅವನೂ ನನ್ನಂಗೇ ಡ್ರೈವರು ಅನ್ನಿಸ್ತದೆ. ಅಂಗೈ ತುಂಬಾ ಗ್ರೀಸು."

ಅಮ್ಮನಿಗೆ ಹೇಳಬೇಡ ಎಂದ. ಹೇಳುವುದಿಲ್ಲ. ಆಮೇಲೆ, "ಹೊಡೆದವ್ನ ಮೇಲೆ ಸಿಟ್ಟಿಲ್ಲಕ್ಕಯ್ಯ. ಅವ್ನಿಗೂ ಯಾರೋ ಐದು ಎಣಿಸೋದ್ರೊಳ್ಗೆ ಹೇಳು ಅಂತ ಕಲಿಸಿರ್ತಾರೆ" ಎಂದ.

21 ಫೆಬ್ರವರಿ

ನಾನು ಬಳಿದ ನಲವತ್ತೂ ತಪ್ಪು.

ಬಣ್ಣ ತಪ್ಪಲ್ಲ, ಪಟ್ಟೆ ತಪ್ಪಲ್ಲ. ಹುಡುಗರು ಮೇಜಿನ ಮೇಲೆ ತೊಳೆದಿಟ್ಟಂಥ ಟ್ಯಾಂಕು ನೋಡಿ ಕಲಿಯುತ್ತಾರೆ. ಅಲ್ಲಿ ತೊಳೆದಿಟ್ಟದ್ದು ಇರುವುದಿಲ್ಲ. ಬೆಳಿಗ್ಗೆಯೇ ಪೆನುಕೊಂಡದ ಬಸ್ಸು ಹತ್ತಿದೆ. ಯಜಮಾನರನ್ನೂ ಕೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಹಿಂತಿರುಗಿ ಬಂದ ಮೇಲೆ ಅದು ನೆನಪಾಯಿತು.

ಕೇಶವಯ್ಯನವರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಎಲ್ಲವನ್ನೂ ಕೇಳಲು ಧೈರ್ಯ ಸಾಲದೆ, ಕೂರು ಎನ್ನುವ ಮೊದಲೇ ಹೇಳಿದೆ. "ಸಾರ್, ಹದಿನೈದು ವಾಪಸ್ ಕೊಡಿ. ಧೂಳು ಹಾಕ್ಬೇಕು."

"ಯಾವ ಧೂಳು?"

ಪೆದ್ದಣ್ಣನದನ್ನು ಹೇಳಿದೆ. ಅಮ್ಮನಿಗೆ ಹೇಳುವುದಿಲ್ಲ ಎಂದಿದ್ದೆ, ಇವರಿಗೆ ಹೇಳುವುದಿಲ್ಲ ಎಂದಿರಲಿಲ್ಲ. ಅವರು ಪೇಪರು ಮಡಚಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು.

"ಧೂಳು ಹಾಕಿದ್ರೆ ಹುಡುಗ್ರಿಗೆ ಯಾವ್ದು ಯಾವ್ದು ಅಂತ ಹೆಂಗಮ್ಮ ಗೊತ್ತಾಗ್ತದೆ?"

"ಗೊತ್ತಾಗಲ್ಲ ಸಾರ್. ಅದನ್ನೇ ಕಲಿಸ್ಬೇಕು. ಗೊತ್ತಾಗ್ದಿದ್ರೆ ಗೊತ್ತಾಗ್ಲಿಲ್ಲ ಅನ್ನೋದು."

"ಯುದ್ಧದಲ್ಲಿ ಅಷ್ಟು ಹೊತ್ತು ಇರಲ್ಲ. ನೋಡ್ತಾ ನಿಂತ್ರೆ ಅವನು ಹೊಡೀತಾನೆ. ನಾನೇ ಹೇಳಿದ್ನಲ್ಲ, ನಿಂತವನು ಸಾಯ್ತಾನೆ ಅಂತ."

"ನಿಲ್ದೇ ಇದ್ದಿದ್ಕೆ ಮೂರು ಜನ ಸತ್ರು ಸಾರ್."

ಅವರ ಹೆಂಡತಿ ರಂಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಸುಬೇದಾರರು ಅವರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಆಫ್ರಿಕಾದ ಮರಳುಗಾಡಿನ ಧೂಳಿನಲ್ಲಿ ತಾವು ಇಪ್ಪತ್ತೊಂದು ವರ್ಷದವರಿದ್ದಾಗ ಎಂದು ಏನೋ ಶುರು ಮಾಡಿದರು. ನಿಲ್ಲಿಸಿದರು. ಎದ್ದು ಒಳಗೆ ಹೋಗಿ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು.

"ಹದಿನೈದು ಯಾಕೆ, ಎಲ್ಲಾ ತಗೊಂಡ್ಹೋಗು" ಎಂದರು.

1 ಮಾರ್ಚಿ

ಮೊದಲು ಹಾಕಿದ ಧೂಳನ್ನು ಪೆದ್ದಣ್ಣ ಒಪ್ಪಲಿಲ್ಲ. ನಾನು ಎಲ್ಲ ಕಡೆ ಸಮನಾಗಿ ಉದುರಿಸಿದ್ದೆ. "ಹಿಂಗೆ ಬರಲ್ಲಕ್ಕಯ್ಯ. ಸರಪಳಿ ಎಬ್ಬಿಸೋದು. ಹಿಂದ್ಗಡೆ ದಪ್ಪ, ಪಕ್ಕದಲ್ಲಿ ಮೇಲಕ್ಕೆ ಹೋದಷ್ಟೂ ತೆಳ್ಳಗೆ. ಎಣ್ಣೆ ಸೋರಿದ ಜಾಗದಲ್ಲಿ ಕಪ್ಪಗೆ ಮೆತ್ಕೊಂಡಿರ್ತದೆ. ಜನ ಹತ್ತಿ ಇಳಿಯೋ ಕಡೆ ಒರೆಸ್ಕೊಂಡ್ಹೋಗಿರ್ತದೆ."

ಅವನು ಹೇಳಿದ, ನಾನು ಬಳಿದೆ. ಬಯಲಿನ ಮಣ್ಣನ್ನೇ ತಂದು ಸೆರಗಿನಲ್ಲಿ ಸೋಸಿ, ತೆಳ್ಳಗೆ ವಜ್ರ, ಅಂದರೆ ಬಡಗಿಯ ಅಂಟು, ಕಲಸಿದ ನೀರಿನಲ್ಲಿ ಹಾಕಿ, ಒಣಗಿದ ಕುಂಚದಿಂದ ತಟ್ಟಿದೆ. ಈ ಅಂಟು ಇಲ್ಲದಿದ್ದರೆ ಹುಡುಗರ ಕೈಗೆ ಮಣ್ಣು ಅಂಟಿಬಿಡುತ್ತದೆ. ನಮ್ಮವಕ್ಕೆ ಎಷ್ಟೋ ಅವರವಕ್ಕೂ ಅಷ್ಟೇ. ಗುರುತು ಪೂರ್ತಿ ಮುಚ್ಚಲಿಲ್ಲ. ನೋಡುವ ಮನಸ್ಸಿದ್ದವನಿಗೆ ಒಂದು ಮೂಲೆ ಕಾಣುತ್ತದೆ.

ಮಧ್ಯಾಹ್ನದ ಹೊತ್ತಿಗೆ ಪೆದ್ದಣ್ಣ ಕುಂಚ ಕೇಳಿದ. ಎರಡು ಮಣಿಕಟ್ಟಿನ ನಡುವೆ ಹಿಡಿದು ಒಂದು ಪ್ಯಾಟನ್ನಿನ ಹಿಂಭಾಗಕ್ಕೆ ತಟ್ಟಿದ. ಅರ್ಧ ಗಂಟೆ ಹಿಡಿಯಿತು. ಅದು ನಲವತ್ತರಲ್ಲೂ ಚೆನ್ನಾಗಿ ಬಂದಿದೆ. ನನಗಿಂತ ಚೆನ್ನಾಗಿ ಎಂದು ಬರೆಯಬೇಕು. ಬರೆದಿದ್ದೇನೆ.

14 ಮಾರ್ಚಿ, ಸೋಮವಾರ

ಇವತ್ತು ಪಾಠ. ಊರಾಚೆಯ ಹಳೆಯ ಛತ್ರದಲ್ಲಿ ಮರಳಿನ ಮೇಜು ಹಾಕಿದ್ದರು. ಹೆಂಗಸರನ್ನು ಒಳಗೆ ಬಿಡುವುದಿಲ್ಲ ಎಂದು ಬಾಗಿಲಲ್ಲಿದ್ದವನು ತಡೆದ. ಕೇಶವಯ್ಯನವರು, "ಅವ್ರಿಲ್ದೆ ಪಾಠ ಇಲ್ಲ, ಬಿಡಯ್ಯ" ಎಂದರು. ಪೆದ್ದಣ್ಣ ಹಿಂದಿನ ಬೆಂಚಿನಲ್ಲಿ ಕೂತ. ಮೇಜಿನ ಮೇಲೆ ಟ್ಯಾಂಕುಗಳನ್ನು ಇಡುವ ಕೆಲಸ ನನ್ನದಾಯಿತು. ಯಾವುದನ್ನು ಎತ್ತ ತಿರುಗಿಸಿ ಎಲ್ಲಿಡಬೇಕೆಂದು ನಾನೇ ನಿರ್ಧರಿಸಿದೆ.

ಹುಡುಗರು ಒಬ್ಬೊಬ್ಬರಾಗಿ ಬಂದು ಇಪ್ಪತ್ತು ಹೆಜ್ಜೆ ದೂರದ ಗೆರೆಯ ಹತ್ತಿರ ನಿಂತರು. ಮೊದಲ ಹತ್ತು ಜನ ಪಟಪಟ ಹೇಳಿದರು. ನಮ್ದು, ಅವ್ರದು, ಅವ್ರದು, ನಮ್ದು. ಅದರಲ್ಲಿ ಆರು ತಪ್ಪು. ನಮ್ಮದನ್ನು ಅವರದೆಂದವರು ನಾಲ್ಕು ಜನ. ಕೇಶವಯ್ಯನವರು ಆ ನಾಲ್ವರಿಗೂ ಬೇರೆ ಏನೂ ಬೈಯದೆ, "ನಿನ್ನೋರನ್ನೇ ಹೊಡೆದೆ. ಹೋಗಿ ಕೂತ್ಕೊ" ಎಂದರು.

ಹನ್ನೊಂದನೆಯವನು ಬ್ರಹ್ಮಸಮುದ್ರದ ಬೈಲಪ್ಪ. ಎತ್ತರದ ಆಳು, ಬಿಸಿಲಿಗೆ ಸುಟ್ಟ ಮುಖ. ನಾನು ಒಂದು ಶೆರ್ಮನ್ನನ್ನು ಹಳ್ಳದ ಅಂಚಿನಲ್ಲಿ ಅರ್ಧ ಮರೆಯಾಗಿ ಇಟ್ಟೆ. ಅವನು ನೋಡಿದ. ಬಗ್ಗಿ ನೋಡಿದ. ಕೇಶವಯ್ಯನವರು ಐದು ಎಣಿಸಿದರು. ಅವನು ಇನ್ನೂ ಬಗ್ಗಿಯೇ ಇದ್ದ.

"ಏನಯ್ಯ, ಇನ್ನೂ ಎಷ್ಟು ಹೊತ್ತು?" ಎಂದರು. ಹಳೆಯ ಅಭ್ಯಾಸ.

"ಬಿಡಿ ಸಾರ್, ನೋಡ್ಲಿ" ಎಂದೆ. ಅಷ್ಟು ಜನ ಗಂಡಸರ ಮುಂದೆ ಅಷ್ಟು ಜೋರಾಗಿ ಹೇಳಬೇಕೆಂದು ನನಗಿರಲಿಲ್ಲ.

ಬೈಲಪ್ಪ ನನ್ನನ್ನು ನೋಡಿದ, ಮತ್ತೆ ಮೇಜನ್ನು ನೋಡಿದ. "ಗೊತ್ತಾಗ್ತಿಲ್ಲ ಸಾರ್" ಎಂದ. "ಧೂಳು ಇಳೀಲಿ. ಆಮೇಲೆ ಹೇಳ್ತೀನಿ."

ಯಾರೋ ನಕ್ಕರು. ಕೇಶವಯ್ಯನವರು ನಗಲಿಲ್ಲ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸರಿ ಎಂದು ಗುರುತು ಹಾಕಿದರು, ಅವನಿಗೆ ಕಾಣುವ ಹಾಗೆ.

ಹಿಂದೆ ಬೆಂಚು ಸರಿದ ಸದ್ದಾಯಿತು. ಪೆದ್ದಣ್ಣ ಎದ್ದು ಬಂದು ನನ್ನ ಪಕ್ಕದಲ್ಲಿ, ಮೇಜಿನ ಹತ್ತಿರ ನಿಂತ. ಮುಂದಿನವನನ್ನು ಅವನೇ ಕರೆದ.